ಘಾಟ್‌ನಲ್ಲಿ ಹೇಳಬಾರದ ಹೆಸರು

ನಮ್ಮ ಮನೆಯಲ್ಲಿ ಹೆಂಡತಿಯನ್ನು ಕರೆಯುವುದು ಕೆಮ್ಮಿನಿಂದ. ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ ಎರಡನೇ ಮಹಡಿಯ ಮನೆ. ಮೆಟ್ಟಿಲ ಬುಡದಲ್ಲಿ ನಿಂತು ನಾನು ಒಂದು ಸಲ ಕೆಮ್ಮಿದರೆ ‘ಬಂದಿದ್ದೇನೆ, ಎಲೆ ಹಾಕು’ ಎಂದು ಅರ್ಥ. ಎರಡು ಸಲ ಕೆಮ್ಮಿದರೆ ‘ಜೊತೆಗೆ ಜನ ಇದ್ದಾರೆ, ಸಾರಿಗೆ ನೀರು ಬೆರೆಸು’. ಮೂರು ಸಲ ಕೆಮ್ಮಿದರೆ ಅದು ನಿಜವಾದ ಕೆಮ್ಮು. ನನ್ನ ಅಪ್ಪ ಅಮ್ಮನನ್ನು ಹೀಗೆಯೇ ಕರೆಯುತ್ತಿದ್ದರು, ಅಜ್ಜ ಅಜ್ಜಿಯನ್ನು. ಹೆಂಡತಿ ಗಂಡನ ಹೆಸರು ಹೇಳಬಾರದು ಎಂಬುದು ಎಲ್ಲರ ಮನೆಯ ಮಾತು. ನಮ್ಮ ಮನೆಯಲ್ಲಿ ಗಂಡನೂ ಹೆಂಡತಿಯ ಹೆಸರು ಹೇಳುವಂತಿಲ್ಲ. ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ಯಾರ ಆಯುಸ್ಸು ಎಂದು ಕೇಳಿದ್ದಕ್ಕೆ ತಲೆಗೆ ಮೊಟಕಿದ್ದಳು. ಹೀಗೆ ಮದುವೆಯಾದ ಮೂವತ್ತೆಂಟು ವರ್ಷ ನಾನು ಕೆಮ್ಮಿಕೊಂಡೇ ಸಂಸಾರ ಮಾಡಿದೆ.

ಅಜ್ಜ ಮೈಸೂರು ಸೀಮೆಯಿಂದ ಬಂದವರು. ನಾನು ಹುಟ್ಟಿದ್ದು ಇಲ್ಲಿಯೇ. ಕರ್ನಾಟಕದಿಂದ ಬರುವವರಿಗೆ ಗಂಗೆಯ ಕೇದಾರ ಘಾಟ್‌ನ ಮೆಟ್ಟಿಲ ಮೇಲೆ ಶ್ರಾದ್ಧ, ತರ್ಪಣ ಮಾಡಿಸುವುದು ನಮ್ಮ ಕಸುಬು. ಮಾಡಿಸಿಕೊಳ್ಳುವವರನ್ನು ಯಜಮಾನರು ಎನ್ನುತ್ತೇವೆ, ಅವರಿಗೆ ಮಂತ್ರದ ಒಂದಕ್ಷರ ಬಾರದಿದ್ದರೂ ಸರಿಯೇ. ನಾನು ಒಂದೊಂದು ತುಂಡು ಹೇಳುತ್ತೇನೆ, ಅವರು ಅದನ್ನೇ ತಿರುಗಿ ಹೇಳುತ್ತಾರೆ. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ಗೋತ್ರ. ಆಮೇಲೆ ತಂದೆ, ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ, ಮುತ್ತಜ್ಜಿ. ಹೆಸರು ತಪ್ಪಿದರೆ ಪಿಂಡ ವಿಳಾಸ ತಪ್ಪಿದ ಕಾಗದ. ಅದಕ್ಕೇ ಬಹಳ ಜನ ಪುರೋಹಿತರು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಓದುತ್ತಾರೆ. ನಾನು ಅವರನ್ನು ಪುಸ್ತಕದ ಬದನೆಕಾಯಿಗಳು ಎಂದು ಅವರ ಮುಂದೆಯೇ ಹಂಗಿಸುತ್ತಿದ್ದೆ. ಬೆಳಿಗ್ಗೆ ಲಾಡ್ಜಿನಲ್ಲಿ ಚಹಾ ಕುಡಿಯುತ್ತಾ ಒಂದು ಸಲ ಕೇಳಿಸಿಕೊಂಡರೆ ಸಾಕು, ಮೂರು ತಲೆಮಾರು ನನ್ನ ನಾಲಗೆಯ ಮೇಲೆ ಸಾಲಾಗಿ ಕೂತುಬಿಡುತ್ತಿತ್ತು. ಹತ್ತು ವರ್ಷ ಬಿಟ್ಟು ಅದೇ ಮನೆಯವರು ಬಂದರೆ, ಅವರು ಬಾಯಿ ತೆರೆಯುವ ಮೊದಲೇ ಅವರ ಮುತ್ತಜ್ಜನ ಹೆಸರು ಹೇಳಿ ಕಣ್ಣರಳಿಸುವಂತೆ ಮಾಡುತ್ತಿದ್ದೆ. ಅವರು ಅದನ್ನು ದೈವಾನುಗ್ರಹ ಎಂದು ತಿಳಿದರೆ ನಾನೇಕೆ ತಿದ್ದಬೇಕು? ಕೈಯಲ್ಲಿ ಕಾಗದ ಹಿಡಿದ ದಿನ ಕಸುಬು ಬಿಡುತ್ತೇನೆ ಎಂದು ಘಾಟ್‌ನಲ್ಲಿ ನೂರು ಸಲ ಹೇಳಿದ್ದೇನೆ. ಕೇಳಿದವರಿಗೆಲ್ಲ ಅದು ನೆನಪಿದೆ ಎಂಬುದೇ ಮುಂದೆ ತೊಂದರೆಯಾಯಿತು.

ಕೊರೊನಾದ ಎರಡನೇ ವರ್ಷ, ಬೇಸಿಗೆಯಲ್ಲಿ, ಕೆಮ್ಮಿನ ಅರ್ಥವೇ ಬದಲಾಯಿತು. ನಾನು ರೂಢಿಯಂತೆ ಮೆಟ್ಟಿಲ ಬುಡದಲ್ಲಿ ಒಂದು ಸಲ ಕೆಮ್ಮಿದೆ, ಗಲ್ಲಿಯ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಪಾನ್ ಅಂಗಡಿಯವನು “ಪಂಡಿತ್‌ಜೀ, ಉಧರ್ ಮುಹ್ ಕೀಜಿಯೇ!” ಎಂದು, ಮುಖ ಆಚೆ ತಿರುಗಿಸಲು ಕೂಗಿ ಹೇಳಿ, ತಾನೇ ಗೋಡೆಯ ಕಡೆ ತಿರುಗಿದ. ವಾರದೊಳಗೆ ನನ್ನದು ಮೂರು ಸಲದ ಕೆಮ್ಮಾಯಿತು. ಹೆಂಡತಿಗೂ ಅಂಟಿತು. ನನಗೆ ನಾಲ್ಕು ದಿನ ಜ್ವರ ಬಂದು ಹೋಯಿತು. ಗಂಗೆಯಲ್ಲಿ ಮುಳುಗೆದ್ದ ಮೈ, ರೋಗಕ್ಕೆ ಜಗ್ಗುವುದಿಲ್ಲ ಎಂದು ಮೀಸೆ ತಿರುವಿದೆ. ಅವಳಿಗೆ ಉಸಿರು ಸಾಲದಾಯಿತು.

ಜಂಗಮವಾಡಿಯ ಪರಿಚಯದ ಕನ್ನಡಿಗರೊಬ್ಬರು ಎಲ್ಲಿಂದಲೋ ಆಮ್ಲಜನಕದ ಸಿಲಿಂಡರ್ ಹೊಂದಿಸಿ ತಂದರು. ನಮ್ಮ ಮೆಟ್ಟಿಲು ಒಬ್ಬರು ಅಡ್ಡ ತಿರುಗಿ ಹತ್ತುವಷ್ಟು ಕಿರಿದು. ಅದರಲ್ಲಿ ಆ ಕಬ್ಬಿಣವನ್ನು ಹೇಗೆ ಏರಿಸಿದೆವೋ ದೇವರೇ ಬಲ್ಲ. ಕಾನ್ಪುರದಲ್ಲಿರುವ ಮಗಳು ದಿನಕ್ಕೆ ಆರು ಸಲ ಫೋನ್ ಮಾಡಿ “ಅಮ್ಮ ಕೈಸೀ ಇದ್ದಾರೆ ಅಪ್ಪಾ?” ಎಂದು ತನ್ನ ಬೆರಕೆ ಹಿಂದಿ-ಕನ್ನಡದಲ್ಲಿ ಕೇಳುತ್ತಿದ್ದಳು. ಒಂಬತ್ತು ದಿನ ನಾನು ಕೋಣೆಯ ಹೊಸ್ತಿಲಲ್ಲಿ ಕುಳಿತು, ಹೆಂಡತಿಯ ಬೆರಳಿಗೆ ಕಚ್ಚಿಸಿದ ಪುಟ್ಟ ಯಂತ್ರದ ಅಂಕಿಯನ್ನೇ ನೋಡಿದೆ. ಆಗ ಒಂದು ಕೆಟ್ಟ ಅಭ್ಯಾಸ ಶುರುವಾಯಿತು. ಶ್ರಾದ್ಧದ ಸಾಲು ತಾನಾಗಿ ಬಾಯಿಗೆ ಬರುತ್ತಿತ್ತು. ಸಂವತ್ಸರ, ಮಾಸ, ತಿಥಿ, ನಮ್ಮ ಗೋತ್ರ. ಆಮೇಲೆ ಹೆಸರು ಬರಬೇಕಾದ ಜಾಗ. ಅಲ್ಲಿಗೆ ಬಂದ ಕೂಡಲೇ ನಾನು ಎದ್ದು ಹೋಗಿ ನೀರು ಕುಡಿಯುತ್ತಿದ್ದೆ. ಆ ಒಂಬತ್ತು ದಿನ ಕುಡಿದಷ್ಟು ನೀರನ್ನು ನಾನು ಜನ್ಮದಲ್ಲಿ ಕುಡಿದಿಲ್ಲ. ಹತ್ತನೆಯ ದಿನ ಅವಳು ಕಣ್ಣು ಬಿಟ್ಟು, “ಹಾಲು ಉಕ್ಕಿತೇನೋ ನೋಡಿ” ಎಂದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಬದುಕಿ ಎದ್ದ ಮೇಲೆ ಲೆಕ್ಕ ಹಾಕಿದರೆ ಇಬ್ಬರಲ್ಲೂ ಒಂದೊಂದು ಸಾಮಾನು ಕಡಿಮೆಯಾಗಿತ್ತು. ಅವಳಿಗೆ ಮೂಗಿರಲಿಲ್ಲ. ಇತ್ತು, ನತ್ತು ಸಮೇತ ಇತ್ತು, ಆದರೆ ವಾಸನೆ ಹಿಡಿಯುತ್ತಿರಲಿಲ್ಲ. ಇಂಗಿನ ಡಬ್ಬಿಯಲ್ಲಿ ಮುಖವಿಟ್ಟು ಉಸಿರೆಳೆದರೂ “ಏನೂ ಇಲ್ಲ” ಎನ್ನುತ್ತಿದ್ದಳು. ಕಾಫಿ ಮಾತ್ರ ಸುಟ್ಟ ಟೈರಿನ ಹಾಗೆ ನಾರುತ್ತದೆ ಎಂದು ಲೋಟ ದೂಡುತ್ತಿದ್ದಳು. ಊರವರೆಲ್ಲ ಕೊಂಡಾಡುವ ಅವಳ ಸಾರು ಒಂದು ದಿನ ಇಂಗಿಲ್ಲದೆ ಬಂತು, ಮರುದಿನ ಎರಡು ಸಲ ಇಂಗು ಬಿದ್ದು ಬಂತು. ಎರಡನ್ನೂ ನಾನು ಸುರಿದು ಕುಡಿದು “ಅಮೃತ” ಎಂದೆ. ಗಂಡಸರು ಸುಳ್ಳು ಹೇಳುವುದನ್ನು ಊಟದ ಎಲೆಯ ಮುಂದೆಯೇ ಕಲಿಯುವುದು.

ನನಗೇನು ಕಡಿಮೆಯಾಗಿತ್ತೆಂದರೆ, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕೋಣೆಗೆ ಹೋಗಿ ಏಕೆ ಬಂದೆ ಎಂದು ನಿಲ್ಲುತ್ತಿದ್ದೆ. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಮಾತಿನ ನಡುವೆ ಸೌಟು ಎಂಬ ಪದ ಸಿಗದೆ “ಅದು, ಆ ಉದ್ದ ಕೈಯದು” ಎನ್ನುತ್ತಿದ್ದೆ. ಜನ ಕಡಿಮೆಯಾದರೂ ಘಾಟ್‌ನಲ್ಲಿ ಕೆಲಸ ಮತ್ತೆ ಶುರುವಾಗಿತ್ತು. ಆಷಾಢದಲ್ಲಿ ಒಂದು ದಿನ ಸಂಕಲ್ಪ ಹೇಳಿಸುತ್ತಾ, ಪ್ಲವ ಸಂವತ್ಸರ ಎನ್ನುವ ಬದಲು ಹಿಂದಿನ ವರ್ಷದ ಶಾರ್ವರಿ ಎಂದುಬಿಟ್ಟೆ. ಪಕ್ಕದ ಪುರೋಹಿತ ತಲೆಯೆತ್ತಿ ನೋಡಿದ. ನಾನು ಕೂಡಲೇ ಯಜಮಾನರಿಗೆ, “ಕಳೆದ ವರ್ಷ ಕೊರೊನಾದಿಂದ ಬರಲಾಗಲಿಲ್ಲವಲ್ಲ, ಅದರ ಬಾಕಿಯನ್ನೂ ಸೇರಿಸಿ ಹೇಳಬೇಕು” ಎಂದೆ. ಅವರು ಭಕ್ತಿಯಿಂದ ಎರಡೂ ಸಂವತ್ಸರ ಹೇಳಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹೆಸರು ಮರೆತರೆ ಅದಕ್ಕೂ ಒಂದು ಉಪಾಯ ಹುಡುಕಿಕೊಂಡೆ: ಕಣ್ಣು ಮುಚ್ಚಿ, “ಈಗ ನಿಮ್ಮ ಬಾಯಿಂದಲೇ ಬರಬೇಕು, ಪಿತೃಗಳು ಕೇಳಿಸಿಕೊಳ್ಳುವುದು ಮಗನ ದನಿ” ಎನ್ನುವುದು. ಅವರು ಗದ್ಗದಿತರಾಗಿ ತಾವೇ ಹೆಸರು ಹೇಳುವರು. ಒಬ್ಬರಂತೂ, ಇಂಥ ಅನುಭವ ಗಯೆಯಲ್ಲೂ ಆಗಲಿಲ್ಲ ಎಂದು ಕೈಮುಗಿದರು.

ಈ ಕಾಲದಲ್ಲೇ ನಾನು ಕೆಟ್ಟೆ. ನಮ್ಮ ಮನೆಗೆ ಈರುಳ್ಳಿ, ಬೆಳ್ಳುಳ್ಳಿ ಬಂದದ್ದಿಲ್ಲ. ಗೋದೌಲಿಯಾ ಚೌಕದಲ್ಲಿ ಒಬ್ಬ ಗಾಡಿಯವನು ಸಂಜೆ ಈರುಳ್ಳಿ ಪಕೋಡ ಕರಿಯುತ್ತಾನೆ, ಜೊತೆಗೆ ಬೆಳ್ಳುಳ್ಳಿ ಚಟ್ನಿ. ನಲವತ್ತು ವರ್ಷ ನಾನು ಆ ಗಾಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆದವನು. ಮುಚ್ಚದಿದ್ದರೆ ನಿಲ್ಲುತ್ತೇನೆ ಎಂಬ ಭಯದಿಂದ. ಹಿಂದೆ ಅದರ ಹೊಗೆ ಉತ್ತರೀಯಕ್ಕೆ ತಾಗಿದರೂ ಅವಳು ಎರಡನೇ ಮಹಡಿಯಿಂದ ಹಿಡಿಯುತ್ತಿದ್ದಳು. ಈಗ ಅವಳ ಮೂಗು ಸತ್ತಿದೆ. ಒಂದು ಸಂಜೆ ನಿಂತೆ, ತಿಂದೆ, ಮನೆಗೆ ಬಂದು ಅವಳ ಮುಂದೆಯೇ ಕುಳಿತು ಬಾಯಿ ತುಂಬ ಮಾತಾಡಿದೆ. ಅವಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ವಾರಕ್ಕೆ ಮೂರು ದಿನವಾಯಿತು. ಶ್ರಾದ್ಧ ಮಾಡಿಸುವ ದಿನವೂ ಅದರ ಹಿಂದಿನ ದಿನವೂ ಮುಟ್ಟುತ್ತಿರಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎನ್ನುತ್ತಾರಲ್ಲ, ಅವಳ ಮೂಗು ಮುಚ್ಚಿದೆ ಎಂಬ ಧೈರ್ಯದಲ್ಲಿ ನಾನು ಪಕೋಡ ತಿಂದೆ.

ಅವಳೇನು ಕಡಿಮೆಯವಳಲ್ಲ. ನನ್ನ ಮರೆವನ್ನು ಅವಳು ಮೊದಲ ವಾರದಲ್ಲೇ ಕಂಡುಹಿಡಿದಿದ್ದಳು. ಒಂದು ದಿನ ಹಪ್ಪಳ ಒಣಗಿಸುತ್ತಾ, “ರೀ, ಆ ಜಾಂಬಳಿ ಬಣ್ಣದ ಬನಾರಸಿ ಸೀರೆ ಯಾವಾಗ ತರೋದು?” ಎಂದಳು.

“ಯಾವ ಸೀರೆ?”

“ಅಯ್ಯೋ, ಮರೆತೇ ಹೋಯ್ತಾ? ಕೊರೊನಾಕ್ಕೆ ಮುಂಚೆ ನೀವೇ ಹೇಳಿದ್ರಲ್ಲ, ಈ ಸಲ ಪಕ್ಕಾ ಅಂತ.”

ನನಗೆ ನೆನಪಿರಲಿಲ್ಲ. ನೆನಪಿಲ್ಲ ಎಂದರೆ ಮರೆವು ಬಯಲಾಗುತ್ತದೆ. “ನೆನಪಿದೆ, ನೆನಪಿದೆ” ಎಂದು ಹೋಗಿ ಸೀರೆ ತಂದೆ. ತಿಂಗಳೊಳಗೆ ನಾನು ಕೊಟ್ಟಿದ್ದ ಮಾತುಗಳ ಪಟ್ಟಿ ಬೆಳೆಯಿತು: ಹೊಸ ಮಿಕ್ಸಿ, ವಿಂಧ್ಯಾಚಲಕ್ಕೆ ಕಾರಿನಲ್ಲಿ ಪ್ರಯಾಣ, ಸಂಜೆಯ ಪಾತ್ರೆ ನಾನೇ ತೊಳೆಯುವುದು. ಪಾತ್ರೆ ತೊಳೆಯುತ್ತೇನೆಂದು ನಾನು ಯಾವ ಅಮಲಿನಲ್ಲಿ ಮಾತು ಕೊಟ್ಟಿದ್ದೆನೋ ಎಂದು ಆಶ್ಚರ್ಯಪಡುತ್ತಾ ತೊಳೆದೆ.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರಗಳ ಡಾಕ್ಟರಮ್ಮ ಒಬ್ಬರಿದ್ದಾರೆ, ಧಾರವಾಡದವರು. ತಿಂಗಳಿಗೊಂದು ಭಾನುವಾರ ಸಾರಿನ ಪುಡಿ ಒಯ್ಯಲು ನಮ್ಮ ಮನೆಗೆ ಬರುತ್ತಾರೆ. ಅಂಥ ಒಂದು ಭಾನುವಾರ ಅವಳು ಪುಡಿಯ ಜೊತೆಗೆ ನನ್ನ ಚಾಡಿಯನ್ನೂ ಕಟ್ಟಿಕೊಟ್ಟಳು. ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, ಕುದುರೆ, ಕೊಡೆ, ಕಿತ್ತಳೆ ಎಂಬ ಮೂರು ಮಾತು ಹೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ನಾನು ಅದನ್ನೂ ರಾಗವಾಗಿ ಹೇಳುತ್ತಾ ಹೋಗಿ ಎಂಬತ್ತಾರರಲ್ಲಿ ಸಿಕ್ಕಿಬಿದ್ದೆ. ಆಮೇಲೆ ಆ ಮೂರು ಮಾತು ಯಾವುವು ಎಂದು ಕೇಳಿದರು. ಕುದುರೆ ಮಾತ್ರ ಬಂತು, ಅದೂ ಕುಂಟುತ್ತಾ.

“ನೋಡಿ ಡಾಕ್ಟರಮ್ಮ,” ಎಂದೆ, “ನಾನು ಹೇಳಿದ್ದನ್ನ ಊರವರು ತಿರುಗಿ ಹೇಳ್ತಾರೆ. ಬೇರೆಯವರು ಹೇಳಿದ್ದನ್ನ ತಿರುಗಿ ಹೇಳೋ ಕೆಲಸ ನಾನು ಮಾಡಿದವನಲ್ಲ.”

ಅವರು ನಕ್ಕರು. “ಭಟ್ರ, ಈ ರೋಗ ಬರೇ ಎದೀದಲ್ರೀ. ಮೂಗಿನ ಮ್ಯಾಲ ವಾಸನಿ ನರ ಇರ್ತಾವ, ಅವಕ್ಕ ಆಸರಾಗಿ ಸುತ್ತಲೂ ಕೋಶ ಇರ್ತಾವ. ಮೊದಲ ಅಲ್ಲೇ ಕೈ ಹಾಕ್ತದ. ನಿಮ್ಮ ಮನಿಯವರಿಗೆ ಆಗಿದ್ದು ಅದು. ನಿಮ್ಮದು ಬ್ಯಾರೆ. ಮೈಯೊಳಗ ರೋಗದ ಕೂಡ ದೊಡ್ಡ ಜಗಳ ಆಗ್ಯದ. ಜಗಳ ಮುಗದ ಮ್ಯಾಲೂ ಅದರ ಉರಿ ಮಿದುಳಿನ್ಯಾಗ ಸ್ವಲ್ಪ ಉಳೀತದ ಅಂತ ತಿಳ್ಕೊಂಡೀವಿ. ಪೂರ್ತಿ ನಮಗೂ ಗೊತ್ತಾಗಿಲ್ಲ.”

“ಅಂದರೆ ನನ್ನ ನೆನಪು ಹೋಯಿತು ಅಂತಲೇ?” ಈ ಸಲ ನನ್ನ ದನಿಯಲ್ಲಿ ತಮಾಷೆ ಇರಲಿಲ್ಲ.

“ಹೋಗಿಲ್ರೀ. ಸಾಮಾನೆಲ್ಲಾ ಅಂಗಡ್ಯಾಗ ಅದ. ಕೊಡಾಂವ ತೂಕಡಸ್ಲಿಕ್ಕತ್ತಾನ. ಕೇಳಿದ್ದು ಹುಡಕೂದು ಬಿಟ್ಟು, ಕೈಗೆ ಹತ್ತರ ಏನಿರ್ತದೋ ಅದನ್ನ ಎತ್ತಿ ಕೊಟ್ಟು ಬಿಡ್ತಾನ. ಬಹಳ ಮಂದಿಗೆ ನಿಧಾನಕ್ಕ ಸುಧಾರಸ್ತದ. ಅಲ್ಲೀತನಕ ಚೆನ್ನಾಗಿ ನಿದ್ದಿ ಮಾಡ್ರಿ, ದಣೀಬ್ಯಾಡ್ರಿ. ಮತ್ತ ಮುಖ್ಯ, ಬರಕೊಳ್ರಿ.”

“ಬರೆದುಕೊಳ್ಳುವುದೊಂದು ಬಿಟ್ಟು ಬೇರೆ ಏನಾದರೂ ಹೇಳಿ” ಎಂದೆ. ಅವಳಿಗೆ ದಿನಕ್ಕೆರಡು ಸಲ ಲವಂಗ, ನಿಂಬೆಹಣ್ಣು, ಗುಲಾಬಿ, ನೀಲಗಿರಿ ಎಣ್ಣೆ ಮೂಸುವ ಅಭ್ಯಾಸ ಹೇಳಿದರು. ನಾನು ಒಂದೊಂದನ್ನೇ ಅವಳ ಮೂಗಿನ ಕೆಳಗೆ ಹಿಡಿದು ಹೆಸರು ಹೇಳಬೇಕು. ಅವಳು ಅದರ ವಾಸನೆಯನ್ನು ನೆನಪಿಸಿಕೊಳ್ಳುತ್ತಾ ಉಸಿರೆಳೆಯಬೇಕು. ಮೂಗಿಲ್ಲದವಳ ಮುಂದೆ ಮರೆಗುಳಿ ಕುಳಿತು, ನಿಂಬೆಹಣ್ಣು ಮೂಗಿಗೆ ತಾಗಿಸಿ ಲವಂಗ ಎನ್ನುವುದು, ಅವಳು ಕಣ್ಣು ಮುಚ್ಚಿಕೊಂಡೇ “ಲವಂಗಕ್ಕೆ ಯಾವಾಗಿಂದ ತಂಪು ಬಂತು?” ಎನ್ನುವುದು. ಹೀಗೆ ಇಬ್ಬರೂ ಸೇರಿ ಒಂದು ಪೂರ್ತಿ ಮನುಷ್ಯ ಆಗುತ್ತಿದ್ದೆವು.

ಕಾರ್ತಿಕದಲ್ಲಿ ತುಮಕೂರಿನಿಂದ ಒಬ್ಬ ಮೇಷ್ಟ್ರು ಬಂದರು. ನಿವೃತ್ತರು, ಒಬ್ಬರೇ. ಲಾಡ್ಜಿನಲ್ಲಿ ಚಹಾ ಕುಡಿಯುತ್ತಾ ಹೆಸರುಗಳನ್ನು ಹೇಳಿದರು. ಬರೆದುಕೊಳ್ಳುವುದಿಲ್ಲವೇ ಎಂದು ಕೇಳಿದರು. ನಾನು ಹಣೆ ಮುಟ್ಟಿ ತೋರಿಸಿದೆ. ಅವರ ತಾಯಿ ಮೊದಲ ವರ್ಷದ ಕೊರೊನಾದಲ್ಲಿ ಹೋದವರು. “ಮುಖ ನೋಡೋಕೂ ಬಿಡ್ಲಿಲ್ಲ ಶಾಸ್ತ್ರಿಗಳೇ” ಎಂದರು. “ಚೀಲದಲ್ಲಿ ಸುತ್ತಿ ತಂದಿದ್ರು. ಅದು ಅಮ್ಮಾನೇ ಅಂತ ಚೀಲದ ಮೇಲೆ ಹೆಸರು ಬರೆದಿದ್ರಲ್ಲ, ಅದನ್ನ ಓದಿ ನಂಬಿದೆ. ಇಲ್ಲಾದ್ರೂ ಅವರ ಹೆಸರಲ್ಲಿ ಒಂದು ತುತ್ತು ಇಟ್ಟರೆ ಸಮಾಧಾನ.”

ಪಿಂಡದ ಅನ್ನವನ್ನು ನಮ್ಮ ಮನೆಯಲ್ಲೇ ಬೇಯಿಸಿ ಘಾಟ್‌ಗೆ ಒಯ್ಯುವುದು. ಅನ್ನದ ಪಾತ್ರೆ ಹೊತ್ತು ಅವಳೂ ಬಂದು, ನಾಲ್ಕು ಮೆಟ್ಟಿಲು ಮೇಲೆ ಜಾಂಬಳಿ ಸೀರೆಯಲ್ಲಿ ಕುಳಿತಳು. ಮೇಷ್ಟ್ರಲ್ಲವೇ, ಸ್ಪಷ್ಟವಾಗಿ, ಒತ್ತಕ್ಷರ ಬಿಡದೆ ಹೇಳುತ್ತಿದ್ದರು. ಅಂದು ನನಗೂ ಹುರುಪು. ಸಂವತ್ಸರ ಸರಿಯಾಗಿ ಬಂತು. ಗೋತ್ರ ಬಂತು. ಅಪ್ಪ, ಅಜ್ಜ, ಮುತ್ತಜ್ಜ ಸರಾಗವಾಗಿ ಬಂದರು. ತಾಯಿಯ ಪಿಂಡ ಕೈಗೆ ಕೊಟ್ಟೆ. ಗೋತ್ರ ಹೇಳಿದೆ, ಹೆಸರು ಹೇಳಿದೆ. ಅವರೂ ಹೇಳಿದರು. ದರ್ಭೆಯ ಮೇಲೆ ಪಿಂಡ ಇಟ್ಟಾಯಿತು. ಎಳ್ಳು ನೀರು ಬಿಟ್ಟಾಯಿತು. ಕಡೆಗೆ ಎಲ್ಲವನ್ನೂ ಗಂಗೆಗೆ ಬಿಟ್ಟು ಕೈ ತೊಳೆದು ತಿರುಗಿದರೆ, ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಮನೆಗೆ ಬಂದು, ಪಾತ್ರೆ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತಳು.

“ಮೂವತ್ತೆಂಟು ವರ್ಷ. ಒಂದು ಸಲ ಹೆಸರು ಹಿಡಿದು ಕರೀಲಿಲ್ಲ. ಕರೆದದ್ದೂ ಪಿಂಡಕ್ಕಾ?”

ನನಗೆ ಅರ್ಥವಾಗಲಿಲ್ಲ.

“ಮೇಷ್ಟ್ರ ತಾಯಿ ಹೆಸರು ಹೇಳೋ ಕಡೆ ನನ್ನ ಹೆಸರು ಹೇಳಿದ್ರಿ. ಗೋತ್ರ ಅವರದು, ಹೆಸರು ನಂದು. ಸಾಯಿಸಿದ್ದೂ ಅಲ್ಲದೆ ತುಮಕೂರಿಗೆ ದತ್ತು ಬೇರೆ ಕೊಟ್ಟುಬಿಟ್ರಿ. ಹೋಗ್ಲಿ, ಅನ್ನ ಸರಿಯಾಗಿ ಬೆಂದಿತ್ತಾ? ನಂಗೆ ಅಂತ ಗೊತ್ತಿದ್ದರೆ ಸ್ವಲ್ಪ ತುಪ್ಪ ಹಾಕ್ತಿದ್ದೆ.”

ನಾನು ಅಲ್ಲೇ ಕುಳಿತೆ. ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳು ಹೇಳಿದ ಕೂಡಲೇ ಆ ಹೆಸರಿನ ರುಚಿ ನಾಲಗೆಯ ಮೇಲೆ ಇರುವುದು ಗೊತ್ತಾಯಿತು. ಅಂಗಡಿಯವನು ತೂಕಡಿಸುತ್ತಾ, ಕೈಗೆ ಹತ್ತಿರವಿದ್ದದ್ದನ್ನು ಎತ್ತಿ ಕೊಟ್ಟಿದ್ದ. ಅದು ಅಲ್ಲಿ ಏಕೆ ಅಷ್ಟು ಹತ್ತಿರ ಇತ್ತೆಂದು ನನಗೊಬ್ಬನಿಗೇ ಗೊತ್ತು. ಅಂದು ಮಧ್ಯಾಹ್ನ ಅವಳಿಗೂ ಹೇಳಿದೆ. ಹೊಸ್ತಿಲಲ್ಲಿ ಕುಳಿತ ಒಂಬತ್ತು ದಿನ, ತಾನಾಗಿ ಬರುತ್ತಿದ್ದ ಆ ಸಾಲು, ಖಾಲಿ ಜಾಗ, ಎದ್ದು ಹೋಗಿ ಕುಡಿದ ನೀರು, ಎಲ್ಲ ಹೇಳಿದೆ. “ಬಾಯಿಗೆ ಬಿಡಲಿಲ್ಲ ಅಂದುಕೊಂಡಿದ್ದೆ. ಅದು ಅಲ್ಲೇ ಕಾದು ಕೂತಿತ್ತು” ಎಂದೆ. ನನಗೆ ಬಹಳ ಭಯವಾಗಿತ್ತು ಎಂಬುದನ್ನೂ ಹೇಳಿದೆ. ಆ ಮಾತನ್ನು ನಾನು ಅದುವರೆಗೆ ಯಾರಿಗೂ, ಯಾವ ವಿಷಯಕ್ಕೂ ಹೇಳಿದವನಲ್ಲ.

ಅವಳು ಹತ್ತಿರ ಬಂದು ಕುಳಿತಳು. “ಹೇಳೋದು ಶುರು ಮಾಡಿದ್ದೀರಿ, ಪಕೋಡದ್ದೂ ಹೇಳಿಬಿಡಿ” ಎಂದಳು.

ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳನಿಗೆ ಬೇರೆ ದಾರಿ ಇರಲಿಲ್ಲ.

“ಎರಡು ವಾರ ಆಯ್ತು ಮೂಗು ಬಂದು. ಲವಂಗ ಅಲ್ಲ, ಗುಲಾಬಿ ಅಲ್ಲ, ಮೊದಲು ಸಿಕ್ಕಿದ್ದು ನಿಮ್ಮ ಬಾಯಿಯ ಈರುಳ್ಳಿ. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ನಾನು ಹೇಳಿದರೆ ನೀವು ತಿನ್ನೋದು ಬಿಡ್ತೀರಿ. ಬಿಟ್ಟರೆ ನನ್ನ ಮೂಗು ಇದೆಯೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ದಿನಾ ಸಂಜೆ ಹತ್ತಿರ ಬಂದು ಕೂತ್ಕೊಳ್ತಿದ್ದೆ.”

ಅವಳು ಹತ್ತಿರ ಬಂದು ಕೂರುತ್ತಿದ್ದದ್ದು ನನ್ನ ಮಾತಿನ ಸೊಗಸಿಗೆ ಎಂದು ನಾನು ತಿಳಿದಿದ್ದೆ.

“ನೀನೂ ಹೇಳು,” ಎಂದೆ, “ಈ ಸೀರೆಯ ಮಾತು ನಾನು ಯಾವತ್ತು ಕೊಟ್ಟಿದ್ದೆ?”

“ಕೊಟ್ಟೇ ಇರ್ಲಿಲ್ಲ.”

“ಪಾತ್ರೆ?”

“ಅದೂ ಇಲ್ಲ.”

“ನನಗೆ ಗೊತ್ತಿತ್ತು” ಎಂದೆ. ಗೊತ್ತಿರಲಿಲ್ಲ. ಆದರೆ ಗಂಡಸು ಎಷ್ಟು ಸೋಲಬಹುದು ಎಂಬುದಕ್ಕೆ ಒಂದು ಮಿತಿ ಇರಬೇಕು.

ನಗು ಮುಗಿದ ಮೇಲೆ ಮೇಷ್ಟ್ರು ಉಳಿದರು. ಅವರ ತಾಯಿಗೆ ತುತ್ತು ಮುಟ್ಟಿರಲಿಲ್ಲ. ಹೇಳದಿದ್ದರೆ ಅವರಿಗೆ ತಿಳಿಯುವುದೂ ಇಲ್ಲ, ಮರುದಿನ ಸಂಜೆಯ ರೈಲಿಗೆ ಹೊರಟುಬಿಡುತ್ತಾರೆ. ಹೇಳಿದರೆ ಘಾಟ್‌ನಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ. ಅವಳು ನನ್ನ ಉತ್ತರೀಯ ತಂದು ಕೈಗಿಟ್ಟಳು.

ಲಾಡ್ಜಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ಬೇರೆ ಹೆಸರು ಬಂದಿದ್ದು ನನಗೂ ಕೇಳಿಸ್ತು ಶಾಸ್ತ್ರಿಗಳೇ. ತೀರಿಹೋದವರಿಗೆ ಶಾಸ್ತ್ರದಲ್ಲಿ ಬೇರೆ ಹೆಸರು ಇಡ್ತಾರೇನೋ ಅಂದ್ಕೊಂಡು ಹೇಳಿಬಿಟ್ಟೆ” ಎಂದರು. ಮೂವತ್ತು ವರ್ಷ ಹುಡುಗರ ತಪ್ಪು ತಿದ್ದಿದವರು ನನ್ನ ಮುಂದೆ ಬಾಯಿ ಕಟ್ಟಿಕೊಂಡಿದ್ದರು. ನಾಚಿಕೆ ಎಂದರೆ ಏನೆಂದು ನನಗೆ ಅಂದು ತಿಳಿಯಿತು. ನಾಳೆ ಬೆಳಿಗ್ಗೆ ಮತ್ತೆ ಮಾಡಿಸುತ್ತೇನೆ ಎಂದೆ.

ಬೆಳಿಗ್ಗೆ ಅವಳು ಅನ್ನ ಬೇಯಿಸಿಕೊಟ್ಟಳು, ತುಪ್ಪ ಹಾಕಿ. “ನಾನು ಬರಲ್ಲ. ಎದುರಿಗಿದ್ದರೆ ಮತ್ತೆ ನನ್ನನ್ನೇ ಎತ್ತಿ ಕೊಡ್ತೀರಿ” ಎಂದು, ನಾಲ್ಕಾಗಿ ಮಡಿಸಿದ ಚೀಟಿಯೊಂದನ್ನು ಕೈಯಲ್ಲಿಟ್ಟಳು. ಹಿಂದಿನ ದಿನ ನಾನು ಮೇಷ್ಟ್ರಿಂದ ಎರಡನೇ ಸಲ ಕೇಳಿಕೊಂಡು ಬಂದು ಹೇಳಿದ್ದನ್ನೆಲ್ಲ ದುಂಡಗೆ ಬರೆದಿದ್ದಳು.

ಘಾಟ್‌ನಲ್ಲಿ ನಾನು ಚೀಟಿ ಬಿಚ್ಚಿದಾಗ ಅಕ್ಕಪಕ್ಕದ ಪುರೋಹಿತರ ಮಂತ್ರ ನಿಂತಿತು. ಒಬ್ಬ ಮೆಲ್ಲಗೆ, “ಕ್ಯಾ ಗುರೂ, ಕಾಗಜ್?” ಎಂದ. ಗಂಗೆಯಲ್ಲಿ ಮುಳುಗಿಬಿಡೋಣ ಎನಿಸಿತು. “ಹೌದು, ಕಾಗದ. ಬದನೆಕಾಯಿ ಬೆಳೀತಾ ಇದೀನಿ” ಎಂದೆ. ಅವನಿಗೆ ಕನ್ನಡ ಬಾರದು, ಆದರೂ ನಕ್ಕ. ಚೀಟಿಯ ಅರ್ಧ ಮಾತ್ರ ಬಿಚ್ಚಿ, ಒಂದೊಂದನ್ನೇ ಬೆರಳಿಟ್ಟು ಓದಿದೆ. ತಾಯಿಯ ಹೆಸರು ಬಂದಾಗ ನಿಲ್ಲಿಸಿ ಎರಡು ಸಲ ನೋಡಿ ಹೇಳಿದೆ. ಮೇಷ್ಟ್ರು ಅದನ್ನು ತಿರುಗಿ ಹೇಳಿದರು, ನಾನು ಹೇಳಿಸದೆಯೇ ಮತ್ತೊಮ್ಮೆ ಹೇಳಿದರು, ಆಮೇಲೆ ಬರೀ ಅಮ್ಮಾ ಎಂದರು. ಪಿಂಡ ಇಡುವ ಕೈ ಬಹಳ ಹೊತ್ತು ಅಲ್ಲಿಯೇ ಇತ್ತು. ನಾನು ಅವಸರ ಮಾಡಲಿಲ್ಲ.

ಎಲ್ಲ ಮುಗಿದು, ಮೇಷ್ಟ್ರನ್ನು ರಿಕ್ಷಾ ಹತ್ತಿಸಿ, ಚೀಟಿಯನ್ನು ಗಂಗೆಗೆ ಬಿಡೋಣವೆಂದು ಮೆಟ್ಟಿಲಿಗೆ ಮರಳಿದೆ. ಪೂರ್ತಿ ಬಿಚ್ಚಿದಾಗ ಕೆಳಗಿನ ಮಡಿಕೆಯಲ್ಲಿ ಇನ್ನೂ ಒಂದು ಹೆಸರಿತ್ತು, ಅವಳದು. ಅದರ ಮುಂದೆ ಹೀಗೆ ಬರೆದಿದ್ದಳು: ‘ಇದನ್ನು ಘಾಟ್‌ನಲ್ಲಿ ಹೇಳಬಾರದು. ಹೇಳಲೇಬೇಕು ಅನ್ನಿಸಿದರೆ ಮನೆಗೆ ಬಂದು ಹೇಳಿ.’

ಚೀಟಿಯನ್ನು ಬಿಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಗಲ್ಲಿಗಳಲ್ಲಿ ನಡೆದೆ. ದಾರಿಯಲ್ಲಿ ಯಾವುದನ್ನಾದರೂ ಮರೆತೇನು ಎಂಬ ಭಯಕ್ಕೆ ಆ ನಾಲ್ಕಕ್ಷರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ. ಮೆಟ್ಟಿಲ ಬುಡದಲ್ಲಿ ನಿಂತಾಗ ರೂಢಿಯಂತೆ ಗಂಟಲಿಗೆ ಕೆಮ್ಮು ಬಂತು, ನುಂಗಿದೆ. ಪಾನ್ ಅಂಗಡಿಯವನು ನೋಡುತ್ತಿದ್ದ. ಎದುರು ಮನೆಯ ಬಂಗಾಲಿ ಅಜ್ಜಿ ಕಿಟಕಿಯಲ್ಲಿದ್ದಳು. ಅಜ್ಜಿಯ ಮೊಟಕು ನೆನಪಾಯಿತು, ನಮ್ಮ ಅಜ್ಜಿಯದು. ಅರವತ್ತೆರಡು ವರ್ಷದವನು, ಹುಡುಗನ ಹಾಗೆ ಬೆವರಿ, ತಲೆಯೆತ್ತಿ, ಅವಳ ಹೆಸರು ಹಿಡಿದು ಜೋರಾಗಿ ಕರೆದೆ.

ಮೇಲೆ ಪಾತ್ರೆಯ ಸದ್ದು ನಿಂತಿತು. ಕರೆದದ್ದು ತಪ್ಪಾಯಿತೇನೋ ಎಂದು ನನಗೆ ಅನ್ನಿಸಿತು.

ಆಮೇಲೆ ಅವಳು ಅಂದಳು:

“ಇದ್ದೀನಿ, ಬನ್ನಿ.”